ಫಿಲ್ಟರಿಗೆ ಆಯುಧಪೂಜೆ

ನಮ್ಮ ಮನೆಗೆ ಅಕ್ವೇರಿಯಂ ಬಂದದ್ದಲ್ಲ, ಅಕ್ವೇರಿಯಂ ಇದ್ದ ಮನೆಗೆ ನಾವು ಬಾಡಿಗೆಗೆ ಹೋದೆವು. ಸಿ.ವಿ. ರಾಮನ್ ನಗರದಲ್ಲಿ ಮೂರನೇ ಮಹಡಿ, ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಹಿಂದೆ ಇದ್ದವರು ಗೋಡೆ ತುಂಬ ಮೊಳೆ, ಕಾಲು ಮುರಿದ ಬಟ್ಟೆ ಸ್ಟ್ಯಾಂಡು, ಮತ್ತು ಹಾಲಿನ ಅರ್ಧ ಗೋಡೆ ಹಿಡಿದು ಕೂತಿದ್ದ ಮೂರಡಿ ಗಾಜಿನ ತೊಟ್ಟಿಯೊಂದನ್ನು ಬಿಟ್ಟುಹೋಗಿದ್ದರು. ಮೊಳೆ ಕಿತ್ತೆ, ಸ್ಟ್ಯಾಂಡು ಗುಜರಿಗೆ ಹಾಕಿದೆ. ತೊಟ್ಟಿಗೆ ಕೈ ಹಾಕುವಷ್ಟರಲ್ಲಿ ಕೆಳಗಿನ ಓನರಮ್ಮ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

"ಅಯ್ಯಯ್ಯೋ, ಅದನ್ನ ಮುಟ್ಬೇಡಮ್ಮಾ! ಈಶಾನ್ಯದಲ್ಲಿ ನೀರಿದ್ರೆ ಮನೆಗೆ ತುಂಬಾ ಲಕ್ಕು. ಅದು ಬಂದ್ಮೇಲೇನೇ ನಮ್ ಮಗಳ ಮದ್ವೆ ಸೆಟ್ಲಾಗಿದ್ದು."

ಮದುವೆ ಮುಗಿದಾಯಿತಲ್ಲ, ಇನ್ನೂ ಯಾಕೆ ಇದು ಎಂದು ಕೇಳಬೇಕೆನಿಸಿತು. ಬಾಡಿಗೆಗೆ ಬಂದು ಎರಡೇ ದಿನವಾಗಿತ್ತು, ಬಾಯಿ ಮುಚ್ಚಿಕೊಂಡೆ. ಒಳಗೆ ನಾಲ್ಕೈದು ಸಣ್ಣ ಗಪ್ಪಿ ಮೀನು, ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುವ ಒಂದು ಕರಿ ಮೀನು, ಲೆಕ್ಕವಿಲ್ಲದಷ್ಟು ಬಸವನಹುಳು. ಬಸವನಹುಳುಗಳು ಬಾಡಿಗೆ ಕೊಡದೆ ಸಂಸಾರ ಬೆಳೆಸುತ್ತಿದ್ದವು.

ನನ್ನ ಕೆಲಸ ಹತ್ತಿರದ ಟೆಕ್ ಪಾರ್ಕಿನಲ್ಲಿ, ಹೌಸ್‌ಕೀಪಿಂಗ್ ಸೂಪರ್‌ವೈಸರು. ಗಾಜು, ನೆಲ, ನಲ್ಲಿ, ಕಮೋಡು, ಯಾವುದೇ ಇರಲಿ, ನನ್ನ ಕಣ್ಣಿಗೆ ಬಿದ್ದ ಕಲೆ ಸಂಜೆಯವರೆಗೆ ಬದುಕಿದ್ದಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ. ನಮ್ಮ ಏರಿಯಾದ ಬೋರ್‌ವೆಲ್ ನೀರು ಹೋದಲ್ಲೆಲ್ಲ ಬಿಳಿ ಕರೆ ಬಿಡುತ್ತದೆ. ಹುಣಸೆಹಣ್ಣು, ನಿಂಬೆ ಸಿಪ್ಪೆ, ತೆಂಗಿನ ನಾರು ಹಿಡಿದು ಆ ಕರೆಯ ಜೊತೆ ನಾನು ದಿನಾ ಯುದ್ಧ ಮಾಡುತ್ತಿದ್ದೆ. ಅಂಥವಳ ಮನೆಯ ನಡುವೆ ಬೇಕೆಂದೇ ಪಾಚಿ ಬೆಳೆಸುವ ತೊಟ್ಟಿ! ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ನಮ್ಮ ಮಾವ, ಅಂದರೆ ಗಂಡನ ತಂದೆ, ಆ ವರ್ಷವೇ ಬಂದು ನಮ್ಮ ಜೊತೆ ಇರತೊಡಗಿದ್ದರು. ಯಾದಗಿರಿ ಕಡೆಯ ಹಳ್ಳಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಹಿಟ್ಟಿನ ಗಿರಣಿ ನಡೆಸಿದವರು. ಹಿಟ್ಟಿನ ಧೂಳು ಎದೆಗೆ ಇಳಿದು ಡಾಕ್ಟರು ಸಾಕು ಎಂದಮೇಲೆ ಗಿರಣಿ ಮಾರಿದರು. ಬೆಂಗಳೂರಿನಲ್ಲಿ ಅವರಿಗೆ ಮಾಡಲು ಏನೂ ಇರಲಿಲ್ಲ. ಬೆಳಗ್ಗೆ ಐದಕ್ಕೇ ಎದ್ದು ಸ್ನಾನ ಮಾಡಿ, ಅಂಗಿ ತೊಟ್ಟು, ಕುರ್ಚಿಯ ಮೇಲೆ ಕೂತು ಯಾರಾದರೂ ಜೋಳ ತರುತ್ತಾರೇನೋ ಎಂಬಂತೆ ಬಾಗಿಲು ನೋಡುತ್ತಿದ್ದರು. ಮೀನಿನ ಬಗ್ಗೆ ಅವರ ಅಭಿಪ್ರಾಯ ನನ್ನದಕ್ಕಿಂತ ಕಡೆಯದಾಗಿತ್ತು.

"ತಿನ್ನಂಗಿಲ್ಲ, ಮಾರಂಗಿಲ್ಲ, ಕರದ್ರ ಬರಂಗಿಲ್ಲ. ಎದಕ್ಕ ಬೇಕವಾ ಇವು?" ಎನ್ನುತ್ತಿದ್ದರು.

ಒಂದು ದಿನ ತೊಟ್ಟಿಯ ಫಿಲ್ಟರು ಗೊರಗೊರ ಎನ್ನತೊಡಗಿತು. ಮೇಲೆ ಮುಷ್ಟಿಗಾತ್ರದ ಮೋಟಾರು, ಅದರಿಂದ ನೀರಿನೊಳಕ್ಕೆ ಇಳಿದ ಕರಿ ಕೊಳವೆ, ಕೊಳವೆಯ ತುದಿಗೆ ಸ್ಪಂಜು. ಅಷ್ಟೇ ಆ ಯಂತ್ರ. ಮಾವ ಬಾಗಿಲು ನೋಡುವುದನ್ನು ಬಿಟ್ಟು ತಲೆ ಎತ್ತಿದರು. "ಒಳಗೇನೋ ಸಿಕ್ಕೊಂಡದ," ಎಂದು ಎದ್ದು ಹೋಗಿ, ಪ್ಲಗ್ ಕಿತ್ತು, ಮೋಟಾರು ಬಿಚ್ಚಿ, ಅದರ ಸಣ್ಣ ಚಕ್ರಕ್ಕೆ ಸುತ್ತಿಕೊಂಡಿದ್ದ ಉದ್ದ ಕೂದಲೊಂದನ್ನು ಎಳೆದು ತೆಗೆದು ನನ್ನ ಮುಂದೆ ಹಿಡಿದರು. ಕೂದಲು ನನ್ನದೇ. ಫಿಲ್ಟರು ಮತ್ತೆ ಸದ್ದಿಲ್ಲದೆ ತಿರುಗಿತು. ಅವತ್ತಿನಿಂದ ಅವರ ಕುರ್ಚಿ ಬಾಗಿಲ ಕಡೆಯಿಂದ ತೊಟ್ಟಿಯ ಕಡೆ ತಿರುಗಿತು.

ಆಮೇಲೆ ತಡೆಯುವವರೇ ಇಲ್ಲ. ಬಸ್ಸು ಹತ್ತಿ ಒಬ್ಬರೇ ಶಿವಾಜಿನಗರಕ್ಕೆ ಹೋಗಿ, ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿ ಸಾಕುವ ಮೀನು ಮಾರುವ ಅಂಗಡಿ ಹುಡುಕಿಕೊಂಡರು. ಅಲ್ಲಿಂದ ಒಂದು ಜೋಡಿ ಏಂಜೆಲ್ ಮೀನು ತಂದರು. ಅಂಗೈಯಷ್ಟು ಅಗಲ, ಚಪ್ಪಟೆ, ಬೆಳ್ಳಿ ಮೈಮೇಲೆ ಕರಿ ಪಟ್ಟೆ, ಮೇಲೂ ಕೆಳಗೂ ಉದ್ದ ರೆಕ್ಕೆ. ಎರಡೂ ಯಾವಾಗಲೂ ಒಟ್ಟಿಗೇ ಓಡಾಡುತ್ತಿದ್ದವು. ನಾನು ನನ್ನ ಗಂಡ ಹಾಗೆ ಓಡಾಡಿದ್ದನ್ನು ನಾನೇ ನೋಡಿಲ್ಲ. ಗಂಡನಿಗೆ ಇಂದಿರಾನಗರದ ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯೂರಿಟಿ ಕೆಲಸ, ಅವರು ಬಂದಾಗ ನಾನಿರುತ್ತಿರಲಿಲ್ಲ, ನಾನಿದ್ದಾಗ ಅವರು ಬರುತ್ತಿರಲಿಲ್ಲ.

ಅಂಗಡಿಯವರು ಮಾವನಿಗೆ ಒಂದು ಮಾತು ಹೇಳಿದ್ದರಂತೆ: "ಚಾಚಾ, ಆ ಸ್ಪಂಜ್ ಇದೆಯಲ್ಲ, ನಲ್ಲಿ ನೀರಲ್ಲಿ ಮಾತ್ರ ತೊಳೀಬೇಡಿ. ಟ್ಯಾಂಕಿನ ನೀರೇ ಬಕೆಟ್‌ಗೆ ತಕ್ಕೊಂಡು ಹಿಂಡಿ. ಆ ಗಲೀಜಲ್ಲೇ ಮೀನಿನ ಜೀವ ಇರೋದು." ಮಾವ ಹದಿನೈದು ದಿನಕ್ಕೊಮ್ಮೆ ಹಾಗೆಯೇ ಕೊಳೆ ನೀರಿನಲ್ಲಿ ಕೊಳೆ ಸ್ಪಂಜು ಅದ್ದಿ, ಅದು ಇನ್ನೂ ಕಂದು ಬಣ್ಣದಲ್ಲಿರುವಾಗಲೇ ಮತ್ತೆ ಒಳಗೆ ಇಡುತ್ತಿದ್ದರು. ಇದನ್ನು ತೊಳೆಯುವುದು ಅನ್ನುತ್ತಾರಾ? ನನ್ನ ಕೈಕೆಳಗಿನವರು ಹೀಗೆ ತೊಳೆದಿದ್ದರೆ ಅವತ್ತೇ ಬೇರೆ ಫ್ಲೋರಿಗೆ ಹಾಕುತ್ತಿದ್ದೆ. ಗಂಡಸರು ತೊಳೆದರೆ ಇಷ್ಟೇ ಎಂದುಕೊಂಡು ಸುಮ್ಮನಾದೆ. ಅಂಗಡಿಯವರ ಮಾತು ಆಗ ನನಗೆ ಯಾರೂ ಹೇಳಿರಲಿಲ್ಲ.

ಜೋಡಿ ಬಂದ ಎರಡು ತಿಂಗಳಿಗೆ ಮೊಟ್ಟೆ ಇಟ್ಟವು. ಮೊದಲು ಕಂಡವಳು ನಾನು. ತೊಟ್ಟಿಯಲ್ಲಿದ್ದ ಅಗಲ ಎಲೆಯೊಂದರ ಮೇಲೆ ಸಾಲುಸಾಲಾಗಿ ಸಾಸಿವೆಗಿಂತ ಸಣ್ಣ ಕಾಳು. ಗಂಡು ಹೆಣ್ಣು ಎರಡೂ ಮುಂದೆ ನಿಂತು ರೆಕ್ಕೆಯಿಂದ ಗಾಳಿ ಬೀಸುತ್ತಿದ್ದವು. ನಾನು ಕೂಗಿದ ಕೂಗಿಗೆ ಓನರಮ್ಮ, ಪಕ್ಕದ ಮನೆಯವರು, ಗ್ಯಾಸ್ ಸಿಲಿಂಡರು ತಂದವರು ಎಲ್ಲರೂ ಬಂದು ನೋಡಿದರು. ಮಾವ ಎಲ್ಲರಿಗೂ ಚಹಾ ಕೊಡಿಸಿದರು. ಮೂರನೇ ದಿನ ಬೆಳಗ್ಗೆ ಎಲೆ ಖಾಲಿ. ತಾಯಿ ತಂದೆ ಎರಡೂ ಸೇರಿ ತಿಂದುಬಿಟ್ಟಿದ್ದವು.

"ಜೋಡಿ ಹೊಸದು ಚಾಚಾ, ಮೊದಮೊದಲು ತಿಂತಾವೆ. ಆಮೇಲೆ ಕಲೀತಾವೆ," ಎಂದರಂತೆ ಅಂಗಡಿಯವರು. ಎರಡನೇ ಸಲವೂ ತಿಂದವು, ಮೂರನೇ ಸಲವೂ ತಿಂದವು. ಆ ಎರಡು ಸಲವೂ ನೆಲ ಒರೆಸುವಾಗ ಮೊಟ್ಟೆ ಮೊದಲು ಕಂಡು ಕೂಗಿದವಳು ನಾನೇ. ಮೂರನೇ ಸಲ ಮಾವ ಮಧ್ಯಾಹ್ನದ ಊಟ ಬಿಟ್ಟರು. ಮೀನು ಊಟ ಮಾಡಿದ್ದಕ್ಕೆ ನೀವ್ಯಾಕೆ ಊಟ ಬಿಡಬೇಕು ಎಂದು ನಾನು ರೇಗಿಸಿದೆ. ಅವರು ನಗಲಿಲ್ಲ.

"ಅಷ್ಟು ವರ್ಷ ಊರಿಗೆಲ್ಲ ಹಿಟ್ಟು ಬೀಸಿ ಕೊಟ್ಟೀನಿ. ಈಗ ನಂದಂತ ಒಂದೂ ಕೆಲಸಿಲ್ಲ. ಒಂದಽ ಒಂದ್ ಸಲ ಇವು ಮರಿ ಕಟಗೊಂಡು ಓಡಾಡೂದು ಕಣ್ಲೆ ನೋಡಬೇಕು ಯವ್ವಾ. ಅಷ್ಟು ಸಾಕು ನನಗ," ಎಂದರು.

ಅವರು ಯಾವುದಕ್ಕೂ ಆಸೆಪಟ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ರೇಗಿಸಲಿಲ್ಲ.

ಅಷ್ಟರಲ್ಲಿ ದಸರೆ ಬಂತು. ಮಿಕ್ಕ ಹಬ್ಬಗಳಲ್ಲಿ ಮಾವ ಬರೀ ಊಟ ಮಾಡುತ್ತಿದ್ದರು, ನಂಬಿಕೆ ಇದ್ದದ್ದು ಆಯುಧಪೂಜೆಯ ಮೇಲೆ ಮಾತ್ರ. ಊರಿನಲ್ಲಿ ಗಿರಣಿಯ ಬೆಲ್ಟು ಬಿಚ್ಚಿ, ಕಲ್ಲು ತೊಳೆದು, ವಿಭೂತಿ ಬಳಿದು ಪೂಜೆ ಮಾಡಿದರೆ ದಶಮಿ ಬರುವವರೆಗೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ವರ್ಷವೆಲ್ಲ ನಮಗಾಗಿ ದುಡಿದದ್ದಕ್ಕೆ ಒಂದು ದಿನ ವಿಶ್ರಾಂತಿ. ಬೀಗರು ಊಟಕ್ಕೆ ಬಂದು ಕೂತಾಗಲೂ ಮನೆಗೆ ಪಕ್ಕದವರಿಂದ ಹಿಟ್ಟು ತಂದರಂತೆ, ಗಿರಣಿ ಹಾಕಲಿಲ್ಲವಂತೆ.

ಬೆಂಗಳೂರಿನ ಮನೆಯಲ್ಲಿ ಯಾವುದು ಆಯುಧ ಎಂದು ನಾನು ಕೇಳಿದೆ. "ತಿರಗೂದೆಲ್ಲಾ ಮಷೀನಽ," ಎಂದು ತೀರ್ಪು ಕೊಟ್ಟರು. ಮಿಕ್ಸಿ, ಟೇಬಲ್ ಫ್ಯಾನು, ಗಂಡನ ಸ್ಕೂಟರು ಪಟ್ಟಿಗೆ ಸೇರಿದವು. ಫ್ರಿಜ್ಜಿಗೆ ವಿನಾಯಿತಿ ಸಿಕ್ಕಿತು, ಅದು ಅವರ ಪ್ರಕಾರ ಕಪಾಟು.

"ಫಿಲ್ಟರೂ ತಿರಗ್ತದಲ್ರಿ ಮಾವಾರ," ಎಂದೆ.

ಮಾವ ತೊಟ್ಟಿಯ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ, "ಅದರ ಗೊಡವಿ ನಿನಗ ಬ್ಯಾಡ. ನಾ ನೋಡ್ಕೋತೀನಿ. ನಿನಗ ಅದು ಬಗಿಹರಿಯಂಗಿಲ್ಲ," ಎಂದರು.

ಬಗೆಹರಿಯುವುದಿಲ್ಲವಂತೆ, ನನಗೆ! ಹಿಂದಿನ ದಿನವಷ್ಟೇ ಆಫೀಸಿನಲ್ಲಿ ನೆಲ ಉಜ್ಜುವ ದೊಡ್ಡ ಮಷೀನನ್ನು ಬಿಚ್ಚಿ ತೊಳೆದು, ಕುಂಕುಮವಿಟ್ಟು, ಎಲ್ಲರ ಕೈಲಿ ಭೇಷ್ ಅನ್ನಿಸಿಕೊಂಡು ಬಂದಿದ್ದೆ. ಕೊಳೆ ನೀರಿನಲ್ಲಿ ಸ್ಪಂಜು ಅದ್ದುವವರು ನನಗೆ ತೊಳೆಯುವುದನ್ನು ಹೇಳಿಕೊಡುತ್ತಾರಾ? ಪೂಜೆಯ ದಿನ ಬೆಳಗ್ಗೆ ಮಾವ ಚೆಂಡುಹೂವು ಬೂದುಗುಂಬಳ ತರಲು ಹಲಸೂರು ಮಾರ್ಕೆಟ್ಟಿಗೆ ಹೋದರು. ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುತ್ತಿದ್ದಂತೆ ನಾನು ಸೆರಗು ಸಿಕ್ಕಿಸಿದೆ.

ತೊಟ್ಟಿಯ ಒಂದು ಪಕ್ಕಕ್ಕೆ ಮಾವನ ಹಳೆಯ ಟವೆಲ್ಲು ಇಳಿಬಿದ್ದಿತ್ತು. ಒಣಗಲು ಹಾಕಿದ್ದಾರೆ ಎಂದುಕೊಂಡು ತೆಗೆದು ಮಡಚಿದೆ. ಫಿಲ್ಟರನ್ನು ಕೊಳವೆ ಸಮೇತ ಎತ್ತಿ ಬಚ್ಚಲಿಗೆ ಒಯ್ದೆ. ಎತ್ತುವಾಗ ಏಂಜೆಲ್ ಮೀನುಗಳೆರಡೂ ನನ್ನ ಕೈಗೆ ಬಂದು ಬಂದು ಗುದ್ದಿದವು. ಹಬ್ಬದ ದಿನವೂ ಇವಕ್ಕೆ ಕೊಬ್ಬು ನೋಡು ಎಂದು ಬೈದೆ. ಕರಿ ಕೊಳವೆಯ ಮೇಲೆ ಒಂದು ಗೇಣುದ್ದಕ್ಕೂ ಬಿಳಿ ಚುಕ್ಕೆಗಳು ಕೂತಿದ್ದವು. ನಮ್ಮ ನೀರಿನ ಕರೆ ಯಾವುದನ್ನೂ ಬಿಡುವುದಿಲ್ಲ. ಹುಣಸೆಹಣ್ಣು ಹಚ್ಚಿ, ನಾರು ಹಿಡಿದು, ಹಲ್ಲು ಕಚ್ಚಿ ಉಜ್ಜಿದೆ. ಈ ಸಲ ಕರೆ ಯಾಕೋ ಬಹಳ ಸುಲಭವಾಗಿ ಬಂತು. ಸ್ಪಂಜನ್ನು ಸೋಪಿನ ಪುಡಿಯಲ್ಲಿ ನೆನೆಸಿ, ಏಳೆಂಟು ನೀರಿನಲ್ಲಿ ಹಿಂಡಿ, ಅಂಗಡಿಯಿಂದ ಈಗ ತಂದಂತೆ ಮಾಡಿದೆ.

ಮಾವ ಬರುವ ಹೊತ್ತಿಗೆ ಮಣೆಯ ಮೇಲೆ ಮಿಕ್ಸಿ, ಫ್ಯಾನು, ಸ್ಕೂಟರಿನ ಕೀ, ನಟ್ಟನಡುವೆ ಫಿಲ್ಟರು. ಮೂರು ಬೆರಳ ವಿಭೂತಿ, ಕುಂಕುಮ, ಮುಡಿಗೆ ಒಂದು ದಾಸವಾಳ.

"ನೋಡ್ರಿ, ಹ್ಯಾಂಗ ಫಳಫಳ ಮಾಡೀನಿ!" ಎಂದೆ.

ಮಾವ ಹೂವಿನ ಚೀಲ ಕೆಳಗಿಟ್ಟರು. ಕೊಳವೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರು. ಕಣ್ಣು ತುಂಬಿತ್ತು. ನನ್ನ ಕೆಲಸ ನೋಡಿ ಇಷ್ಟು ಸಂತೋಷಪಟ್ಟವರು ಆಫೀಸಿನಲ್ಲೂ ಇಲ್ಲವಲ್ಲ ಎಂದುಕೊಂಡೆ.

"ಭಾಳ ಛಲೋ ತೊಳದಿ," ಎಂದರು. ಮಣೆಯ ಮುಂದೆ ಕೂತು, ಕರ್ಪೂರ ಹಚ್ಚಿ, ಒಂದೂ ಮಂತ್ರ ತಪ್ಪದೆ ಪೂಜೆ ಮುಗಿಸಿದರು.

ಮಂಗಳಾರತಿಯನ್ನು ತೊಟ್ಟಿಗೂ ಒಂದು ಸುತ್ತು ತೋರಿಸೋಣವೆಂದು ಹೋದಾಗ ನನಗೆ ಕಂಡಿತು. ಟವೆಲ್ಲಿದ್ದ ಮೂಲೆಯಲ್ಲಿ, ಕೊಳವೆ ಇದ್ದ ಜಾಗದಲ್ಲಿ, ಏಂಜೆಲ್ ಮೀನುಗಳೆರಡೂ ನಿಂತಿದ್ದವು. ಅಲ್ಲಿ ಏನೂ ಇರಲಿಲ್ಲ, ಬರೀ ನೀರು. ಆ ಬರೀ ನೀರಿಗೆ ಎರಡೂ ರೆಕ್ಕೆಯಿಂದ ಗಾಳಿ ಬೀಸುತ್ತಿದ್ದವು. ಆರತಿ ತಟ್ಟೆ ಕೆಳಗಿಟ್ಟೆ.

"ಮಾವಾರ, ಮೊಟ್ಟಿ ಇಟ್ಟಿದ್ವೇನ್ರಿ?"

"ನಿನ್ನೆ ಸಂಜಿಗೆ."

"ಅಯ್ಯೋ ದೇವರೇ! ಒಂದು ಮಾತು ಹೇಳಾಕ ಏನಾಗಿತ್ತ್ರಿ ನಿಮಗ? ಬಾಯಿ ಬಿದ್ದುಹೋಗಿತ್ತೇನು?" ಮಾವನಿಗೆ ನಾನು ಹಾಗೆಲ್ಲ ಮಾತಾಡುವವಳಲ್ಲ. ಅವತ್ತು ಬಂದುಬಿಟ್ಟಿತು.

"ಹೇಳಿದ್ರ ನೆದರು ಹತ್ತತದಂತ ಹೇಳಲಿಲ್ಲ. ಅದಕ್ಕಽ ಟವೆಲ್ಲೂ ಇಳಿಬಿಟ್ಟಿದ್ದೆ." ನೆದರು ಅಂದರೆ ನಮ್ಮ ಕಡೆ ದೃಷ್ಟಿ.

"ಯಾರ ನೆದರು?"

ಮಾವ ಮಣೆಯ ಮೇಲಿನ ಹೂವು ಸರಿಮಾಡತೊಡಗಿದರು.

"ಯಾರ ನೆದರ್‍ರಿ?"

"ಮೂರು ಸಲಾನೂ ಮೊದಲ ನೋಡಿದಾಕಿ ನೀನಽ ಇದ್ದಿ," ಎಂದರು ನೆಲ ನೋಡುತ್ತಾ. "ಫಿಲ್ಟರ್ ಒಂದು ತೊಳಿಯದಽ, ಹಾಂಗಽ ತಿರಗಾಕ ಬಿಡಬೇಕಂತ ಮಾಡಿದ್ದೆ. ನನ್ನ ಜನ್ಮದಾಗ ಇದೊಂದ್ ಸಲ."

ಆಯುಧಪೂಜೆಯ ದಿನ ಒಂದು ಯಂತ್ರ ತಿರುಗಲಿ ಎಂದು ಅವರು ಆ ಮೀನುಗಳಿಗಾಗಿ ತಮ್ಮ ನೇಮ ಬಿಟ್ಟಿದ್ದರು. ಅದನ್ನು ನಾನು ತೊಳೆದು ಹಾಕಿದ್ದೆ. ಆದರೆ ನನಗೆ ಆಗ ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು ಮಾತಿಗೆ. ದಿನಾ ಎರಡು ಹೊತ್ತು ಬಿಸಿ ರೊಟ್ಟಿ ಬಡಿದು ಹಾಕುವ ಸೊಸೆಯ ಕಣ್ಣು ಕೆಟ್ಟ ಕಣ್ಣು. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ಇಟ್ಟೆ.

ಮಧ್ಯಾಹ್ನದ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ನೀರು ಆಡುತ್ತಿಲ್ಲ, ನೀರಿನಲ್ಲಿ ಗಾಳಿಯಿಲ್ಲ. ಎರಡು ಗಪ್ಪಿ ಆಗಲೇ ಮಗ್ಗುಲಾಗಿ ತೇಲುತ್ತಿದ್ದವು.

"ಫಿಲ್ಟರ್ ಹಾಕ್ರಿ ಮಾವಾರ, ಸಾಯ್ತಾವ ಅವು!"

"ಪೂಜಿ ಆಗ್ಯದ. ದಶಮಿ ಹತ್ತೂತನಾ ಮುಟ್ಟಂಗಿಲ್ಲ," ಎಂದರು. ಆದರೆ ಸುಮ್ಮನೆ ಕೂರಲಿಲ್ಲ. ಕುರ್ಚಿ ಎಳೆದು ತೊಟ್ಟಿಯ ಪಕ್ಕ ಹಾಕಿಕೊಂಡು, ತಂಬಿಗೆಯಲ್ಲಿ ಅದೇ ನೀರು ಎತ್ತಿ, ತಲೆಯೆತ್ತರದಿಂದ ಮತ್ತೆ ತೊಟ್ಟಿಗೇ ಸುರಿಯತೊಡಗಿದರು. ಎತ್ತುವುದು, ಸುರಿಯುವುದು. ಬಿದ್ದ ನೀರು ಗುಳ್ಳೆಯೆದ್ದು ಕೆಳಗಿಳಿಯುತ್ತಿತ್ತು, ಮೀನುಗಳು ಆ ಗುಳ್ಳೆಯ ಹತ್ತಿರ ಸೇರುತ್ತಿದ್ದವು. ಯಂತ್ರಕ್ಕೆ ವಿಶ್ರಾಂತಿ, ಅದರ ಬದಲು ಇವರ ಡ್ಯೂಟಿ.

ಅರ್ಧ ಗಂಟೆಗೆ ಅವರ ಎದೆಯಲ್ಲಿ ಸಿಳ್ಳೆ ಶುರುವಾಯಿತು. ಹೋಗಿ ತಂಬಿಗೆ ಕಿತ್ತುಕೊಂಡು ನಾನು ಸುರಿಯತೊಡಗಿದೆ. ಕಣ್ಣು ಮುಚ್ಚಿಕೊಂಡೇ ಸುರಿದೆ. ಅರ್ಧ ನೀರು ನೆಲಕ್ಕೆ ಹೋಯಿತು.

"ಕಣ್ಣು ತಗಿಯವಾ," ಎಂದರು.

"ಯಾಕ್ರೀ, ಉಳದಿದ್ದೂ ಸಾಯಬೇಕೇನು?"

ಹೀಗೆ ಇಬ್ಬರೂ ಬದಲಿಸಿ ಬದಲಿಸಿ ಸುರಿದೆವು. ಮೂರೂವರೆ ಆಗುವಾಗ ಮಾವನ ಕೈ ತಂಬಿಗೆ ಎತ್ತುವ ಸ್ಥಿತಿಯಲ್ಲಿರಲಿಲ್ಲ. ಗೋಡೆಯ ಕ್ಯಾಲೆಂಡರು ನೋಡಿ ದಶಮಿ ಎಷ್ಟು ಹೊತ್ತಿಗೆ ಹತ್ತುತ್ತದೆ ಹೇಳು ಎಂದರು. ಆ ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ. ಹೋಗಿ ನೋಡಿದೆ. ಸಂಜೆ ಏಳು ಗಂಟೆಯ ಮೇಲೆ ಎಂದು ಬರೆದಿತ್ತು.

"ನಾಲ್ಕಕ್ಕಽ ಹತ್ತತದ್ರಿ," ಎಂದೆ.

ಮಾವ ನನ್ನ ಮುಖವನ್ನೊಮ್ಮೆ ನೋಡಿದರು, ಕ್ಯಾಲೆಂಡರನ್ನೊಮ್ಮೆ ನೋಡಿದರು. ನಾಲ್ಕಕ್ಕೆ ಸರಿಯಾಗಿ ಫಿಲ್ಟರಿಗೆ ಕೈಮುಗಿದು, ದಾಸವಾಳ ತೆಗೆದು, ತೊಟ್ಟಿಗಿಳಿಸಿ ಸ್ವಿಚ್ ಹಾಕಿದರು. ದಶಮಿ ಮೂರು ಗಂಟೆ ಮುಂಚೆ ಬಂದದ್ದಕ್ಕೆ ದೇವರು ಯಾರನ್ನೂ ಏನೂ ಕೇಳಲಿಲ್ಲ.

ಅಂಗಡಿಯವರಿಗೆ ಫೋನು ಮಾಡಿದಾಗಲೇ ಸ್ಪಂಜಿನ ಕೊಳೆಯ ವಿಷಯ ನನ್ನ ಕಿವಿಗೆ ಬಿದ್ದದ್ದು. ನಾನು ತೊಳೆದದ್ದು ಕೊಳೆಯನ್ನಲ್ಲ, ನೀರಿನ ವಿಷ ತೆಗೆಯುವ ಒಳ್ಳೆಯ ಕ್ರಿಮಿಗಳನ್ನು. ಅವು ಮತ್ತೆ ಹುಟ್ಟುವವರೆಗೆ ದಿನಾ ಎರಡು ಬಕೆಟ್ ನೀರು ತೆಗೆದು, ಹಿಂದಿನ ದಿನವೇ ಹಿಡಿದಿಟ್ಟ ನೀರು ಹಾಕಬೇಕು. ಎರಡು ವಾರ ಕೆಲಸಕ್ಕೆ ಹೋಗುವ ಮುಂಚೆ ನಾನೇ ಬಕೆಟ್ ಹೊತ್ತೆ. ಮಾವ ಬೇಡವೆನ್ನಲಿಲ್ಲ. ಸತ್ತ ಗಪ್ಪಿಗಳನ್ನು ತುಳಸಿ ಕುಂಡದಲ್ಲಿ ಹೂತೆ. ನಾವಿಬ್ಬರೂ ಊಟಕ್ಕೆ ಬನ್ನಿ, ಔಷಧಿ ತಗೊಳ್ಳಿ ಎನ್ನುವಷ್ಟೇ ಮಾತಾಡುತ್ತಿದ್ದೆವು.

ಹದಿನೈದನೇ ದಿನವೋ ಹದಿನಾರನೆಯದೋ, ಮಾವ ಹಾಲಿನಿಂದ ಕೂಗಿದರು. "ಏ ಯವ್ವಾ, ಬಾ ಇಲ್ಲಿ. ಮತ್ತ ಇಟ್ಟಾವ. ಬಂದು ನೋಡು."

ಅದೇ ಕೊಳವೆಯ ಮೇಲೆ. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

"ನೋಡು ಬಾ ಅಂದ್ರ!"

"ಒಲ್ಲೆ. ನನ್ನ ಕಣ್ಣು ನನ್ನ ಹತ್ರಽ ಇರ್ಲಿ."

ಎರಡು ದಿನ ಸೆರಗು ಮುಖಕ್ಕೆ ಅಡ್ಡ ಹಿಡಿದುಕೊಂಡು ಹಾಲಿನಲ್ಲಿ ಓಡಾಡಿದೆ. ಟೀಪಾಯಿಗೆ ಎರಡು ಸಲ ಎಡವಿದೆ. ಹಟ ಎಂದು ಮಾವ ತಿಳಿದುಕೊಂಡಿದ್ದರು. ಹಟವೂ ಇತ್ತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಹೆದರಿದ್ದೆ. ನನ್ನ ಕಣ್ಣಿನಲ್ಲಿ ನಿಜವಾಗಿಯೂ ಏನೋ ಇರಬಹುದೆಂದು ಆ ಹೊತ್ತಿಗೆ ನಾನೇ ನಂಬಿದ್ದೆ. ಅವರು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ತಟ್ಟೆಯನ್ನೂ ಅಲ್ಲಿಗೇ ತರಿಸಿಕೊಂಡರು.

ಮೂರನೇ ದಿನ ಬೆಳಗ್ಗೆ ಮಾವ ಸ್ನಾನಕ್ಕೆ ಹೋಗಿದ್ದರು. ತಲೆ ತಗ್ಗಿಸಿ ನೆಲ ಒರೆಸುತ್ತಿದ್ದೆ. ಎಷ್ಟು ಬೇಡವೆಂದರೂ ಕಣ್ಣು ಹೋಯಿತು. ಕೊಳವೆ ಕರ್ರಗೆ ಖಾಲಿಯಾಗಿತ್ತು. ಏಂಜೆಲ್ ಮೀನುಗಳೆರಡೂ ಇನ್ನೊಂದು ಮೂಲೆಯಲ್ಲಿ ಏನೂ ಆಗಿಲ್ಲವೆಂಬಂತೆ ಈಜುತ್ತಿದ್ದವು. ಅಷ್ಟರಲ್ಲಿ ಬಚ್ಚಲ ಬಾಗಿಲು ತೆರೆದು ಮಾವ ಬಂದರು.

"ನಾ ನೋಡಿಲ್ರಿ," ಎಂದೆ, ಒರೆಸುವ ಬಟ್ಟೆ ಹಿಡಿದುಕೊಂಡೇ. "ದೇವರಾಣಿ, ಈಗಽ ಈಗ ಕಣ್ಣಿಗೆ ಬಿತ್ತು. ಮೊದಲ ನೋಡಿದ್ದಿಲ್ಲ."

ಅವರು ಬಗ್ಗಿ ನೋಡಿದರು. ಗಾಜಿಗೆ ಹಣೆ ತಾಗಿತು. ಒದ್ದೆ ತಲೆಯಿಂದ ನೀರು ಗಾಜಿನ ಮೇಲೆ ಇಳಿಯಿತು.

"ನಿಂದೇನಿಲ್ಲ ತಗೋ ಯವ್ವಾ," ಎಂದರು ಕೊನೆಗೆ. "ಎರಡು ದಿನಾ ಹಗಲೆಲ್ಲಾ ನೋಡಿದಾಂವ ನಾನು. ನಂದಽ ನೆದರು ಹತ್ತಿತು."

ಹಾಗೆಂದು ಕುರ್ಚಿಯನ್ನು ಎತ್ತಿ ಗೋಡೆಗೆ ಮುಖ ಮಾಡಿ ಇಟ್ಟು, ತೊಟ್ಟಿಗೆ ಬೆನ್ನು ಹಾಕಿ ಕೂತರು. ಇಷ್ಟು ದಿನ ತಡೆದಿದ್ದ ಅಳು ನನಗೆ ಆಗ ಬಂತು. ಮೂಗು ಒರೆಸಿಕೊಂಡು ಹೋಗಿ, ಕುರ್ಚಿಯ ಎರಡೂ ಕೈ ಹಿಡಿದು, ಅವರು ಕೂತಿದ್ದ ಹಾಗೆಯೇ ದರದರ ಎಳೆದು ಮತ್ತೆ ಮೀನಿನ ಕಡೆ ತಿರುಗಿಸಿದೆ.

"ಸುಮ್ನ ನೋಡ್ರಿ," ಎಂದೆ. "ತಿಂದದ್ದು ಅವು. ನೀವೂ ಅಲ್ಲ, ನಾನೂ ಅಲ್ಲ."